ಎಡಸುತ್ತಿನ ಗಾಳಿ

ಬಸ್ಸು ಸೋಮಂದೇಪಲ್ಲಿ ದಾಟುವವರೆಗೂ ಬನಶಂಕರಿ ಮಡಿಲಲ್ಲಿದ್ದ ಚೀಲದ ಬಾಯಿ ಬಿಚ್ಚಲಿಲ್ಲ. ಬಿಚ್ಚಿದರೆ ಒಳಗಿನ ರೇಷ್ಮೆ ಬಟ್ಟೆ ಕಾಣುತ್ತದೆ. ಬಟ್ಟೆ ಕಂಡರೆ ಅದರಲ್ಲಿ ಇಲ್ಲದ್ದೂ ಕಾಣುತ್ತದೆ. ಎಂದೂ ಸಿಗದ ಕಿಟಕಿ ಪಕ್ಕದ ಸೀಟು ಹಿಂದೂಪುರದ ಬಸ್‌ಸ್ಟ್ಯಾಂಡಿನಲ್ಲಿ ಇವತ್ತೇ ಸಿಕ್ಕಿತ್ತು, ಆದರೂ ಅವಳು ಹೊರಗೆ ನೋಡುತ್ತಿರಲಿಲ್ಲ. ಬೆಳಿಗ್ಗೆ ಚಿತ್ರಾನ್ನದ ಒಗ್ಗರಣೆ ಸಿಡಿಯುತ್ತಿದ್ದಾಗ ಬಂದ ಫೋನು ಇನ್ನೂ ಕಿವಿಯಲ್ಲೇ ಇತ್ತು. ಕಲ್ಯಾಣದುರ್ಗದ ಹಾಸ್ಟೆಲಿನಿಂದ, ವಾರ್ಡನ್ ಮೇಡಂ ಫೋನಿನಲ್ಲಿ, ಮಗಳು ಮೌನಿಕಾ. “ಅಮ್ಮಾ, ಹೊರಟ್ಯಾ? ಬಟ್ಟೆ ಮಡಚ್‌ಬ್ಯಾಡ, ಸುರುಳಿ ಸುತ್ಕೊಂಡ್ ಬಾ. ಎರ್ರ ಮಚ್ಚ ಸುಕ್ಕಾಗ್‌ಬಾರ್ದು. ನಾನು ಮಾತಾಡೋದೇ ಅದರ ಮ್ಯಾಲೆ ಕಣಮ್ಮ, ಆ ಬಿರುಗಾಳಿ ಮ್ಯಾಲೆ. ಅದೊಂದು ಸರಿಯಾಗಿದ್ರೆ ಸಾಕು. ಚೆನ್ನಾಗ್ ನೋಡ್ಕೊಂಡಿದೀಯ ತಾನೇ?” ಬನಶಂಕರಿ ಸೌಟು ಹಿಡಿದುಕೊಂಡೇ “ಹ್ಞೂ” ಅಂದಳು. ಅಂದುಬಿಟ್ಟ ಮೇಲೆ ಎರ್ರ ಮಚ್ಚ, ಆ ಕೆಂಪು ಕಲೆ, ಅಂದರೆ ಯಾವುದೆಂದು ತಿಳಿಯಿತು. ತಿಳಿದದ್ದು ಮೊದಲು ತಲೆಗಲ್ಲ, ಬೆರಳುಗಳಿಗೆ. ನಿನ್ನೆ ಮಧ್ಯಾಹ್ನ ಚಿಮಟ ಹಿಡಿದು ಒಂದೊಂದೇ ಎಳೆಯಾಗಿ ಆ ಕೆಂಪನ್ನು ಕಿತ್ತು ತೆಗೆದ ಬೆರಳುಗಳು, ಒಲೆಯ ಮುಂದೆಯೇ, ಸೌಟಿನ ಸುತ್ತ ತಣ್ಣಗಾದವು.

ಆ ಬಟ್ಟೆ ಸೀರೆಯಲ್ಲ, ಗುರುಗ್ರಹ. ಸಂಕ್ರಾಂತಿ ರಜೆಗೆ ಬಂದಿದ್ದ ಮೌನಿಕಾ, ಸ್ಕೂಲಿನ ಸೈನ್ಸ್ ಎಕ್ಸಿಬಿಷನ್ನಿಗೆ ಎಲ್ಲರ ಹಾಗೆ ಥರ್ಮಕೋಲಿನ ಉಂಡೆ ಮಾಡುವುದಿಲ್ಲ, ನೇಯ್ದು ಒಯ್ಯುತ್ತೇನೆ ಎಂದು ಹಟ ಹಿಡಿದಿದ್ದಳು. ಒಂದು ಸೀರೆ ಮುಗಿದು ಮಗ್ಗದಲ್ಲಿ ಮಿಕ್ಕಿದ್ದ ಹಾಸಿನಲ್ಲಿ, ಆ ಉದ್ದೆಳೆಗಳಲ್ಲಿ, ಅಪ್ಪ ನಾಗರಾಜುವೂ ಮಗಳೂ ಒತ್ತಾಗಿ ಕೂತು ನೇಯ್ದರು: ಕೆನೆ ಬಣ್ಣದ ಪಟ್ಟೆ, ಅದರ ಕೆಳಗೆ ಇಟ್ಟಿಗೆಪುಡಿಯ ಪಟ್ಟೆ, ಮತ್ತೆ ಕೆನೆ, ಮತ್ತೆ ಬೆಲ್ಲದ ಬಣ್ಣ. ಅಷ್ಟನ್ನು ಬನಶಂಕರಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದ್ದಳು. ಸೆರಗಿಗೆ ಚೆನ್ನಾಗಿರುತ್ತೆ ಅಂದಿದ್ದಳು. ಆಮೇಲೆ ಹೊರಡುವ ಮುನ್ನ ಮೌನಿಕಾ ಸಣ್ಣ ಕಡ್ಡಿಗೆ ಕೆಂಪು ಎಳೆ ಸುತ್ತಿಕೊಂಡು, ಬುಟ್ಟಾ ಹಾಕುವ ಹಾಗೆ, ಕೆಳಗಿನ ಕೆನೆ ಪಟ್ಟೆಯ ಅಂಚಿನಲ್ಲಿ, ಗುರುಗ್ರಹದ ಆ ಕೆಂಪು ಬಿರುಗಾಳಿಯೆಂದು, ಒಂದು ಮೊಟ್ಟೆಯಾಕಾರ ತುಂಬಿದ್ದಳಂತೆ. ಅದನ್ನು ಇವಳು ನೋಡಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಮಗಳು ಹೇಳಿ ಹೋದ ಮಾತು ಮಾತ್ರ ಕೇಳಿಸಿಕೊಂಡಿದ್ದಳು. “ಅಮ್ಮಾ, ಬಟ್ಟೆ ಎತ್ತಿಡುವಾಗ ಎರ್ರ ಮಚ್ಚ ಒಂದು ಚೆನ್ನಾಗ್ ನೋಡ್ಕೊ.”

ನೋಡ್ಕೊ. ಮಗ್ಗದಿಂದ ಇಳಿದ ಸೀರೆಗಳು ಬೀದಿಯ ಎಷ್ಟೋ ಮನೆಗಳಿಂದ ಬನಶಂಕರಿಯ ಬಾಗಿಲಿಗೆ ಬರುತ್ತವೆ. ಎಳೆ ಕಿತ್ತಿದ್ದರೆ, ಗಂಟು ಎದ್ದಿದ್ದರೆ, ಬೇರೆ ಬಣ್ಣದ ನೂಲು ತಪ್ಪಿ ಹೊಕ್ಕಿದ್ದರೆ ಬಿಡಿಸಿ, ಸವರಿ, ಅಲ್ಲಿ ಏನೂ ಆಗಿರಲಿಲ್ಲ ಅನ್ನುವ ಹಾಗೆ ಮಾಡಿ ಕೊಡುವುದು ಅವಳ ಕೆಲಸ. ಸಾಹುಕಾರರು ಸೀರೆ ಬಿಚ್ಚಿ, ಕಲೆಯ ಮೇಲೆ ಬೆರಳಿಟ್ಟು, “ಈ ಮಚ್ಚ ಕೊಂಚೆಂ ಚೂಡಮ್ಮಾ” ಅನ್ನುತ್ತಾರೆ. ನೋಡು ಅಂದರೆ ಇಲ್ಲವಾಗಿಸು. ಇಷ್ಟು ವರ್ಷದಲ್ಲಿ ಯಾರೂ ಅವಳ ಮುಂದೆ ಮಚ್ಚ ಅನ್ನುವ ಮಾತನ್ನು ಕಾಪಾಡು ಅನ್ನುವ ಅರ್ಥದಲ್ಲಿ ಆಡಿರಲಿಲ್ಲ. ನಿನ್ನೆ ಹೊಸಿಲ ಬೆಳಕಿಗೆ ಬಟ್ಟೆ ಹಿಡಿದಾಗ ಅದು ಕಣ್ಣಿಗೆ ಹೊಡೆದಿತ್ತು. ಪಾಪ ಮಗು, ಕೈ ಪಳಗಿಲ್ಲ, ಎಲ್ಲಿಂದಲೋ ಕೆಂಪು ನೂಲು ನುಗ್ಗಿ ಗೊಜ್ಜಾಗಿದೆ, ಅದಕ್ಕೇ ಹೇಳಿ ಹೋಗಿದಾಳೆ, ಅಂದುಕೊಂಡು ಕೂತಳು. ಎಷ್ಟು ಜತನದಿಂದ ಕಿತ್ತಳು! ಅಡಿಯ ಕೆನೆ ಎಳೆ ಒಂದೂ ಜಗ್ಗದಂತೆ, ಉಸಿರು ಬಿಗಿಹಿಡಿದು. ಕಿತ್ತಮೇಲೆ ಜಾಗ ಸಡಿಲವಾಗಿತ್ತು. ನೀರು ಚಿಮುಕಿಸಿ, ಬಾಚಣಿಗೆಯ ಹಲ್ಲಿನಿಂದ ಎಳೆಗಳನ್ನು ಸೇರಿಸಿ ಸೇರಿಸಿ, ಕೊನೆಗೆ ತನಗೇ ಎಲ್ಲಿತ್ತೆಂದು ಹುಡುಕಿ ಸಿಗದಾಗ ಒಬ್ಬಳೇ ನಕ್ಕಿದ್ದಳು. ಆ ನಗೆ ಈಗ ಬಸ್ಸಿನಲ್ಲಿ ನೆನಪಾಗಿ, ಯಾರಾದರೂ ಕಂಡರೋ ಎಂಬಂತೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕೈಗೆ ಅಷ್ಟು ಚೆನ್ನಾಗಿ ಬರುವ ಕೆಲಸವೊಂದೇ ಒಂದು. ಅದರಲ್ಲೇ ಮಗಳದ್ದನ್ನು ಅಳಿಸಿದ್ದಾಯಿತು.

ಫೋನಿಟ್ಟ ಮೇಲೆ ನಾಗರಾಜುವಿಗೆ ಹೇಳಿದಾಗ ಅವನು ಟೀ ಲೋಟ ಹಿಡಿದು ಮಗ್ಗದ ಗುಂಡಿಯೊಳಗೆ ಕಾಲು ಬಿಟ್ಟು ಕೂತಿದ್ದ. ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಟೀ ನೆತ್ತಿಗೇರುವಷ್ಟು ನಕ್ಕ. “ನೂರಾರು ವರ್ಷದಿಂದ ಬೀಸ್ತಾನೇ ಐತಂತೆ ಅದು. ಯಾರ ಕೈಲೂ ನಿಲ್ಸಕ್ಕಾಗಿಲ್ಲ. ನೀನು ಚಿಮಟದಾಗೆ ನಿಲ್ಲಿಸ್‌ಬುಟ್ಟೆಯಲ್ಲೇ!” ಆಮೇಲೆ ಹೆಂಡತಿಯ ಮುಖ ನೋಡಿ ಲೋಟ ಕೆಳಗಿಟ್ಟ. “ಹೋಗ್ಲಿ ಬಿಡು. ವಾರ್ಡನ್‌ಗೆ ಫೋನ್ ಮಾಡಿ ಈಗ್ಲೇ ಹೇಳ್ಬುಡು. ಆ ಮಗೀನ ಗುಣ ನಂಗೊತ್ತು, ಮೊದ್ಲೇ ಗೊತ್ತಾದ್ರೆ ಏನೋ ಒಂದು ಮಾಡ್ಕೊಂಡಾಳು. ಅಲ್ಲಿ ಹೋಗಿ ಎಲ್ರ ಎದ್ರಿಗೆ ಬಿಚ್ಚಿ ನೋಡೋ ಹಂಗೆ ಮಾಡ್‌ಬ್ಯಾಡ.” ಹೇಳ್ತೀನಿ ಅಂದಳು. ಬಸ್ ಹತ್ತಿದ ಮೇಲೆ ಅಂದುಕೊಂಡಳು. ಹತ್ತಿದ ಮೇಲೆ, ಗದ್ದಲ, ಸೋಮಂದೇಪಲ್ಲಿ ಬರಲಿ ಅಂದುಕೊಂಡಳು. ಈಗ ಸೋಮಂದೇಪಲ್ಲಿಯೂ ಹಿಂದೆ ಬಿತ್ತು, ಫೋನು ಬ್ಲೌಸಿನ ಬದಿಯಲ್ಲಿ ಬೆವೆತುಕೊಂಡು ಅಲ್ಲೇ ಇತ್ತು. ಹೇಳುವುದಾದರೆ ಏನಂತ ಹೇಳುವುದು? ಮಚ್ಚ ಕಿತ್ತೆ ಅನ್ನುವುದು ಒಂದು ಮಾತು. ಅದಕ್ಕೆ ಮಗಳು ಕೇಳುವ ಎರಡನೆಯ ಮಾತಿದೆಯಲ್ಲ, ಫೋನು ತೆಗೆಯಲು ಬಿಡದಿದ್ದುದು ಅದು. ನಾನು ಅಷ್ಟು ದಿನ ಹೇಳಿದೆನಲ್ಲಮ್ಮ, ನೀನು ಕೇಳಲೇ ಇಲ್ಲವಾ?

ಹೇಳಿದ್ದಳು, ನಿಜ. ರಜೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಅದೇ. ಬನಶಂಕರಿ ಅಂಗಳದಲ್ಲಿ ಕೂತು ನೆನೆದ ಅವರೆಕಾಳು ಹಿತುಕುತ್ತಿದ್ದಳು. ಸಿಪ್ಪೆಯಿಂದ ಕಾಳು ಪುಳಕ್ಕೆಂದು ಪಾತ್ರೆಗೆ ಜಿಗಿಯುತ್ತಿತ್ತು. ಎದುರಿಗೆ ಮೌನಿಕಾ ಒಂದು ಕಾಳು ಹಿತುಕಿದರೆ ಮೂರು ಮಾತು. ಅಮ್ಮ ಹ್ಞೂ, ಹ್ಞೂ ಅನ್ನುತ್ತಿದ್ದಳು. ಒಲೆಯ ಮೇಲೆ ಹಾಲಿತ್ತು, ಸಂಜೆಗೆ ಕೊಡಬೇಕಾದ ಸೀರೆಯೊಂದು ತಲೆಯಲ್ಲಿತ್ತು, ಮಗಳ ದನಿ ಮನೆಯಲ್ಲಿ ತುಂಬಿದೆಯಲ್ಲ ಅನ್ನುವ ಸುಖವೇ ಸಾಕಾಗಿ ಆ ದನಿ ಏನು ಹೇಳುತ್ತಿದೆ ಎಂದು ಕೇಳುವ ಮನಸ್ಸಾಗಿರಲಿಲ್ಲ. ಮಳೆಯ ಸದ್ದನ್ನು ಯಾರು ಬಿಡಿಸಿ ಕೇಳುತ್ತಾರೆ? ಹ್ಞೂ ಅನ್ನುವುದೂ ಒಂದು ಸುಳ್ಳೆಂದು ಇವತ್ತು ಬೆಳಿಗ್ಗೆವರೆಗೂ ಅವಳಿಗೆ ಹೊಳೆದಿರಲಿಲ್ಲ. ಬಸ್ಸು ಒಂದು ಹಳ್ಳಕ್ಕೆ ಇಳಿದು ಎದ್ದಿತು. ಸೀಟಿನಿಂದ ಮೈ ಮೇಲೆದ್ದು ಮತ್ತೆ ಕೂರುವ ಆ ಒಂದು ಚಣದಲ್ಲಿ, ಕರೆಯದೆಯೇ, ಮಗಳ ದನಿ ಬಂತು. ಅಲ್ಲಿ ನೆಲ ಇಲ್ಲ ಕಣಮ್ಮ. ಬನಶಂಕರಿ ಸೀಟಿನ ಕಂಬಿ ಹಿಡಿದುಕೊಂಡಳು. ಅಲ್ಲಿ ನೆಲ ಅಂತಾನೇ ಇಲ್ಲ. ಮೋಡದ ಕೆಳಗೆ ಮೋಡ, ಅದರ ಕೆಳಗೆ ಇನ್ನೂ ಮೋಡ. ನಾವು ಬಿದ್ರೆ ಬೀಳ್ತಾನೇ ಇರ್ತೀವಿ. ನಮ್ಮ ಕಡೆ ಬಿರುಗಾಳಿ ಸಮುದ್ರದ ಮ್ಯಾಲೆ ಏಳುತ್ತೆ, ನೆಲಕ್ಕೆ ಬಂದು ಗುಡ್ಡಕ್ಕೆ ಹೊಡೀತು ಅಂದ್ರೆ ಸತ್ತೋಯ್ತದೆ. ಅಲ್ಲಿ ಹೊಡಿಯಾಕೆ ನೆಲಾನೇ ಇಲ್ಲ, ಅದ್ಕೇ ನಿಲ್ಲಲ್ಲ.

ಅವರೆಸಿಪ್ಪೆಯ ವಾಸನೆಯ ಸಮೇತ ಅಷ್ಟೂ ಮಾತು ಬಂತು. ಹಾಗಾದರೆ ಕಿವಿ ಕೇಳಿಸಿಕೊಂಡಿತ್ತು. ತಾನು ಇಲ್ಲದಿದ್ದಾಗ ಮನೆಗೆ ಬಂದವರನ್ನು ಯಾರೋ ಕೂರಿಸಿ, ನೀರು ಕೊಟ್ಟು, ತಡೆದಿಟ್ಟುಕೊಂಡಿದ್ದ ಹಾಗೆ. ಬನಶಂಕರಿಗೆ ಕಣ್ಣು ಹನಿಯಿತು, ಯಾಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಕಂಡಕ್ಟರ್ ಬಂದು ತಲೆಯ ಮೇಲೆ ನಿಂತ. “ಆಧಾರ್ ಚೂಪಿಂಚಮ್ಮಾ,” ಅಂದ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕಾರ್ಡು ತೋರಿಸಬೇಕು. ಸೊಂಟದ ಸಣ್ಣ ಚೀಲ ಬಿಚ್ಚಿ ಕಾರ್ಡು ಎಳೆದಾಗ ಅದರ ಜೊತೆ ಏನೋ ಕೆಂಪಗೆ ಅಂಟಿಕೊಂಡು ಬಂದು ಮಡಿಲಿಗೆ ಬಿತ್ತು. ಕಿತ್ತ ರೇಷ್ಮೆ ಎಳೆಯನ್ನು ಎಸೆಯುವ ಅಭ್ಯಾಸವಿಲ್ಲ ಅವಳಿಗೆ. ಬೆರಳಿಗೆ ಸುತ್ತಿ, ಸುರುಳಿ ಮಾಡಿ, ಆ ಚೀಲಕ್ಕೇ ತುರುಕುತ್ತಾಳೆ. ನಿನ್ನೆಯೂ ತುರುಕಿದ್ದಳು. “ಏಮಮ್ಮಾ, ಕಾರ್ಡು ಇಸ್ತಾವಾ, ಪೂಜೆ ಚೇಸ್ತಾವಾ?” ಕೊಡುತ್ತೀಯೋ, ಪೂಜೆ ಮಾಡುತ್ತಾ ಕೂರುತ್ತೀಯೋ ಎಂದು ಕಂಡಕ್ಟರ್ ಗದರಿದ. ಹಿಂದಿನ ಸೀಟಿನವರು ನಕ್ಕರು. ಬನಶಂಕರಿ ಕಾರ್ಡು ತೋರಿಸಿದಳು, ಅವಮಾನವಾಗಬೇಕಿತ್ತು, ಆಗಲಿಲ್ಲ. ಗುರುಗ್ರಹದ ಬಿರುಗಾಳಿ ಹೆಬ್ಬೆರಳಿನಷ್ಟಾಗಿ ಮಡಿಲಲ್ಲಿ ಸುತ್ತಿಕೊಂಡು ಮಲಗಿತ್ತು.

ಪೆನುಕೊಂಡದಲ್ಲಿ ಇಳಿದು ಕಲ್ಯಾಣದುರ್ಗದ ಬಸ್ಸಿಗೆ ಕಾಯಬೇಕು. ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನಲ್ಲಿ ಕೂತು ಬಟ್ಟೆಯ ಸುರುಳಿ ಬಿಚ್ಚಿದಳು. ಸೂಜಿ ಯಾವತ್ತೂ ಆ ಚೀಲದಲ್ಲೇ ಇರುತ್ತದೆ. ಆದರೆ ಮಗ್ಗದ ಮೇಲೆ ಹಾಸಿನ ನಡುವೆ ತುಂಬಿದ್ದನ್ನು ಇಳಿಸಿದ ಬಟ್ಟೆಯಲ್ಲಿ ಮತ್ತೆ ಹಾಗೆಯೇ ತುಂಬಲು ಬಾರದು. ಎಳೆಯನ್ನು ಬಟ್ಟೆಯ ಮೇಲಿಟ್ಟು, ಸುತ್ತಿಸಿ ಸುತ್ತಿಸಿ, ಅಲ್ಲಲ್ಲಿ ಸಣ್ಣ ಟಾಕು ಹಾಕಿ ಕೂರಿಸಬೇಕು, ಬೇರೆ ದಾರಿಯಿಲ್ಲ. ಬಟ್ಟೆ ಬಿಗಿಯಾಗಿ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಆಗಿನಿಂದ ನೋಡುತ್ತಿದ್ದವಳು, ಕೇಳದೆಯೇ ಕೈ ಚಾಚಿ ಬಟ್ಟೆಯ ಎರಡು ತುದಿ ಎಳೆದು ಹಿಡಿದಳು.

“ಹೊಲಿ, ನಾ ಹಿಡ್ಕೊಂತೀನಿ. ಏನಮ್ಮ ಇದು, ಸೆರಗಾ? ಉದ್ದಾನೇ ಇಲ್ವಲ್ಲ.”

“ಸೆರಗಲ್ಲ ಕಣಕ್ಕ. ಗುರು.”

“ಗುರುವಾ? ಯಾವ ಗುರು? ಸಾಯಿಬಾಬಾನಾ?”

“ಗ್ರಹ ಕಣಕ್ಕ. ಮ್ಯಾಲಿರೋ ಗುರುಗ್ರಹ. ನನ್ನ ಮಗಳು ಮಾಡವ್ಳೆ.”

ಮುದುಕಿಯ ಮುಖ ಅರಳಿತು. “ಅಂಗನ್ನು! ಗುರುಬಲ ಬಂದೈತಾ ಮಗೀಗೆ? ಹುಡುಗ ಯಾವೂರಮ್ಮ?”

ಬನಶಂಕರಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು. “ಎಂಟನೇ ಕ್ಲಾಸು ಕಣಕ್ಕ ಅವಳು! ಮದ್ವೆಗಲ್ಲ, ಸ್ಕೂಲಿಗೆ.”

“ಸ್ಕೂಲಾಗೂ ಗುರುಬಲ ಬೇಕಲ್ಲಮ್ಮ,” ಅಂದಳು ಮುದುಕಿ, ಸೋಲದೆ. ಕುಂದುರ್ಪಿ ಕಡೆಯವಳು, ಹೆಸರು ಗಂಗುಲಮ್ಮ, ಕಲ್ಯಾಣದುರ್ಗಕ್ಕೆ ಮಗಳ ಮನೆಗೆ ಹೊರಟವಳು ಎಂಬುದೆಲ್ಲ ಕೇಳದೆಯೇ ಬಂತು. ಆಮೇಲೆ ಸ್ವಲ್ಪ ಹೊತ್ತು ಸೂಜಿಯನ್ನೇ ನೋಡಿ ಅಂದಳು: “ಎಡಗೈನಾಗೆ ಹೊಲೀತೀಯಲ್ಲೇ!”

ಸೂಜಿ ನಿಂತಿತು. ಕೈಗೆ ಯಾರೋ ಹೊಡೆದ ಹಾಗೆ ಅದು ತನ್ನಷ್ಟಕ್ಕೆ ನಿಲ್ಲುತ್ತದೆ, ಇಂದಿಗೂ. ಮದುವೆಯಾಗಿ ಬಂದ ಹೊಸದರಲ್ಲಿ ಮನೆಯಲ್ಲಿ ಹೊಸ ಹಾಸು ಏರಿಸುವ ದಿನ, ಮೊದಲ ಕಂಡಿಕೆಯ ನೂಲನ್ನು ಮನೆಗೆ ಬಂದ ಸೊಸೆ ಸುತ್ತಬೇಕು. ಅರಿಶಿನ ಹಚ್ಚಿದ ಸಣ್ಣ ಕೊಳವೆ, ಬೀದಿಯ ಹೆಂಗಸರೆಲ್ಲ ಗೋಡೆಗೊರಗಿ ಕೂತಿದ್ದಾರೆ, ಹೂವಿನ ವಾಸನೆ, ಹೊಸ ಸೀರೆಯ ಸರಬರ. ಅವಳು ಖುಷಿಯಿಂದ, ಬೇಗಬೇಗ, ತನ್ನ ಕೈಗೆ ಬಂದ ಹಾಗೆ ಸುತ್ತಿದಳು. ಅತ್ತೆ ಭ್ರಮರಾಂಬ ಬಗ್ಗಿ ನೋಡಿದರು. “ಇದೇನೇ, ಎಡಸುತ್ತು! ದೇವ್ರನ್ನ ಹಿಂಗೆ ಸುತ್ತುತೀಯ ನೀನು? ಬಿಚ್ಚು, ಬಿಚ್ಚು. ಮನೆಗೆ ಒಳ್ಳೇದಲ್ಲ.” ಎಲ್ಲರ ಮುಂದೆ ಅವಳು ನೂಲನ್ನು ಹಿಂದಕ್ಕೆ ಬಿಚ್ಚಿದಳು. ಬಲಗೈಯಲ್ಲಿ ಸುತ್ತಲು ಹೋದರೆ ನೂಲು ಜಾರಿ ಜಾರಿ ಗೋಜಲಾಯಿತು, ಕೊನೆಗೆ ನಾದಿನಿ ತಗೊಂಡು ಸುತ್ತಿಕೊಟ್ಟಳು. ಅತ್ತೆ ಕೆಟ್ಟವರಲ್ಲ. ಬಾಣಂತನದಲ್ಲಿ ತಾವೇ ನೀರು ಹಾಕಿ, ತಲೆ ಒರೆಸಿ, ಸಾಂಬ್ರಾಣಿ ಹಿಡಿದವರು. ಈಗ ಅತ್ತೆ ಇಲ್ಲ, ಮೊದಲ ಕಂಡಿಕೆಯನ್ನು ಮಾತ್ರ ಇನ್ನೂ ಪಕ್ಕದ ಮನೆಯ ಧನಲಕ್ಷ್ಮಿ ಬಂದು ಸುತ್ತಿ ಹೋಗುತ್ತಾಳೆ. ಊಟ ಬಡಿಸುವುದು, ಕುಂಕುಮ ಕೊಡುವುದು, ಪ್ರಸಾದಕ್ಕೆ ಕೈಯೊಡ್ಡುವುದು ಬಲಗೈಗೆ ಬಂತು. ಸೂಜಿ, ಚಿಮಟ ಬರಲಿಲ್ಲ. ಒಳಗೆ ಕೂತು ಮಾಡುವ ಕೆಲಸ, ಯಾರು ನೋಡುತ್ತಾರೆ, ಎಂದು ಅದು ಎಡಗೈಯಲ್ಲೇ ಉಳಿಯಿತು.

“ನಿಲ್ಲಿಸ್ದೆ ಯಾಕೆ?” ಗಂಗುಲಮ್ಮ ಬಟ್ಟೆ ಜಗ್ಗಿದಳು. “ನಾನೇನು ಬೈದ್ನಾ? ನನ್ನ ಮಗಳೂ ಎಡಚೀನೇ. ಅವಳು ಕಡ್ಲೆಕಾಯಿ ಬಿಡ್ಸಕ್ಕೆ ಕೂತ್ರೆ ಬಲಗೈನೋರು ಯಾರೂ ಅವಳ ಸಮಕ್ಕೆ ಬರಲ್ಲ. ಬಸ್ಸು ಬತ್ತದೆ, ಹೊಲಿ ಬೇಗ.”

ಹೊಲಿದಳು. ಎಡಗೈಯ ಸೂಜಿ ಎಡದಿಂದ ಬಲಕ್ಕೆ ನಡೆಯುತ್ತದೆ, ಬಟ್ಟೆ ಅದಕ್ಕೆ ತಕ್ಕಂತೆ ತಿರುಗುತ್ತದೆ. ಗಂಗುಲಮ್ಮ ಸ್ಟೇರಿಂಗ್ ತಿರುಗಿಸುವವಳ ಹಾಗೆ ಬಟ್ಟೆ ತಿರುಗಿಸುತ್ತಾ ಹೋದಳು. ನಡುವಿನ ಒಂದು ಚುಕ್ಕಿಯಿಂದ ಶುರುವಾದ ಕೆಂಪು ಸುತ್ತಿನ ಹೊರಗೆ ಸುತ್ತಾಗಿ, ಉದ್ದುದ್ದಕ್ಕೆ ಅಗಲವಾಗಿ, ಇಟ್ಟಿಗೆ ಬಣ್ಣದ ಪಟ್ಟೆಯ ಅಂಚಿಗೆ ಬಂದು ತಗುಲಿತು. ಮಗಳದ್ದು ಹೀಗಿರಲಿಲ್ಲ, ಅದು ಬನಶಂಕರಿಗೆ ಚೆನ್ನಾಗಿ ಗೊತ್ತಿತ್ತು. ಅದು ಮಟ್ಟಸವಾಗಿ ತುಂಬಿದ ಮೊಟ್ಟೆ. ಇದು ಬಸವನಹುಳುವಿನ ಬೆನ್ನು. ಕೊನೆಯ ಟಾಕು ಹಾಕಿ ಹಲ್ಲಿನಿಂದ ದಾರ ಕಡಿಯುವಾಗ ಕಲ್ಯಾಣದುರ್ಗದ ಬಸ್ಸು ಬಂತು.

ಆ ಬಸ್ಸಿನಲ್ಲಿ ಅವಳು ಹೊರಗೆ ನೋಡಿದಳು. ಕಿಟಕಿ ಗಂಗುಲಮ್ಮನದಾಗಿತ್ತು, ಮುದುಕಿಯ ತಲೆಯ ಮೇಲಿಂದ ನೋಡಿದಳು. ಕಪ್ಪು ಬಂಡೆಗಳ ಗುಡ್ಡ, ಗುಡ್ಡದ ಮೇಲೆ ತಮ್ಮ ಪಾಡಿಗೆ ಹೊರಟಿದ್ದ ಬಿಳಿ ಮೋಡ. ಮೇಲಿನದೊಂದು ಸಾಲು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಹೋಗುವಂತೆ ಕಂಡಿತು. ಅದೂ ಹೇಳಿದ್ದಳಲ್ಲ! ಪಟ್ಟೆ ಪಟ್ಟೇನೂ ಗಾಳಿ ಅಮ್ಮ, ಒಂದು ಪಟ್ಟೆ ಹಿಂಗೆ ಹೋದ್ರೆ ಪಕ್ಕದ್ದು ಹಂಗೆ ಹೋಯ್ತದೆ, ಮಚ್ಚ ಅವೆರಡರ ಮಧ್ಯ ಸಿಕ್ಕಿ ಉರುಳ್ತಾ ಇರುತ್ತೆ. ಕಡಿದ ಎಳೆಯನ್ನು ಸೇರಿಸಲು ಎರಡು ಅಂಗೈ ನಡುವೆ ಇಟ್ಟು ಹೊಸೆಯುತ್ತಾರಲ್ಲ, ಹಾಗೆ. ಹಾಗಂತ ಆಗಲೇ ಅನ್ನಬಹುದಿತ್ತು. ಅಂದಿದ್ದರೆ ಮಗಳ ಕಣ್ಣು ಹೇಗೆ ಹೊಳೆಯುತ್ತಿತ್ತೋ. ಅಂದದ್ದು ಹ್ಞೂ. ಹೊಲಿದು ಮುಗಿಸಿದ ಮೇಲೆ ಈಗ ಹೊಸದೊಂದು ಆಸೆ ತಲೆಯೆತ್ತಿತ್ತು, ಅದೇ ಹೆಚ್ಚು ಹೆದರಿಸಿತು: ಹೇಳದೆಯೇ ಇದ್ದರೆ? ಬಟ್ಟೆ ಎತ್ತಿಡುವಾಗ ಎಳೆ ಬಿಟ್ಟಿತ್ತು, ಸರಿ ಮಾಡಿದೆ, ಅಂದರೆ? ಮಗ್ಗದ ಕೆಲಸದಲ್ಲಿ ಅದು ಆಗದ್ದೇನಲ್ಲ. ಮೌನಿಕಾ ನಂಬುತ್ತಾಳೆ. ನಂಬುತ್ತಾಳೆ ಅನ್ನುವುದೇ ಕಷ್ಟ. ಆ ಮಾತಿಗೆ ಅಡಿಯಲ್ಲಿ ನೆಲವಿರುವುದಿಲ್ಲ, ತಾನು ಬೀಳುತ್ತಲೇ ಇರಬೇಕು, ಮುಂದಿನ ರಜೆಗೂ, ಅದರ ಮುಂದಿನದಕ್ಕೂ. ಬಸ್ಸಿನ ಕುಲುಕಿಗೆ ಗಂಗುಲಮ್ಮ ಅವಳ ಹೆಗಲಿಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಳು. ಬನಶಂಕರಿ ಅಲುಗಾಡದೆ ಕೂತಳು.

ಶಾಲೆಯ ಹಾಲಿನಲ್ಲಿ ಬೆಂಚುಗಳನ್ನು ಜೋಡಿಸಿದ್ದರು. ಬಣ್ಣದ ನೀರಿನ ಬಾಟಲಿ, ಉರಿಯುವ ಬಲ್ಬು, ಮೂರು ಕಡೆ ಜ್ವಾಲಾಮುಖಿ. ತುದಿಯ ಬೆಂಚಿನ ಹತ್ತಿರ ಎರಡು ಜಡೆ ಹಾಕಿಕೊಂಡು, ಖಾಲಿ ಮರದ ಚೌಕಟ್ಟು ಹಿಡಿದು ಬಾಗಿಲನ್ನೇ ನೋಡುತ್ತಿದ್ದ ಮೌನಿಕಾ ಓಡಿ ಬಂದಳು. “ಇಷ್ಟೊತ್ತಾ! ಕೊಡು, ಕೊಡು, ಸಾರ್ ಆಗ್ಲೇ ಶುರುಮಾಡವ್ರೆ.” ಸುರುಳಿ ಕಸಿದುಕೊಂಡು ಬೆಂಚಿನ ಮೇಲೆ ಹರವಿದಳು. ಕೈಯಿಂದ ಸವರುತ್ತಾ ಕೆಳಗೆ ಬಂದವಳು ಮಚ್ಚದ ಹತ್ತಿರ ನಿಂತಳು.

“ಇದು ನಂದಲ್ಲ.”

“ನಾನು ಕಿತ್ಬುಟ್ಟೆ,” ಅಂದಳು ಬನಶಂಕರಿ. “ನೋಡ್ಕೊ ಅಂದ್ಯಲ್ಲ. ನಾನು… ಸೀರೆನಾಗೆ ಬರೋ ಮಚ್ಚ ಅಂದ್ಕೊಂಡೆ. ಬೆಳಿಗ್ಗೆ ನೀನು ಫೋನ್ ಮಾಡ್ದಾಗ್ಲೇ ಗೊತ್ತಾಗಿದ್ದು. ಹ್ಞೂ ಅಂದೆ. ಸುಳ್ಳು ಹೇಳ್ದೆ ಕಣೇ. ಈಗ ಪೆನುಕೊಂಡ ಬಸ್‌ಸ್ಟ್ಯಾಂಡ್‌ನಾಗೆ ಕೂತು ಹೊಲಿದೆ.”

ಮಗಳು ಬಟ್ಟೆಯಿಂದ ಕಣ್ಣೆತ್ತಲಿಲ್ಲ. ಪಕ್ಕದ ಬೆಂಚಿನಲ್ಲಿ ಯಾರದೋ ಜ್ವಾಲಾಮುಖಿ ಉಕ್ಕಿ ಮಕ್ಕಳು ಚಪ್ಪಾಳೆ ತಟ್ಟಿದರು. “ರಜಾ ಪೂರ್ತಿ ಅದನ್ನೇ ಹೇಳ್ದೆ ನಾನು,” ಅಂದಳು ಮೌನಿಕಾ, ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು. “ಒಂದು ಮಾತೂ ಕೇಳ್ಲಿಲ್ವಾ ನೀನು?”

“ಆಗ ಕೇಳ್ಲಿಲ್ಲ,” ಅಂದಳು ಬನಶಂಕರಿ. “ಇವತ್ತು ಬಸ್ಸಿನಾಗೆ ಕೇಳಿಸ್ತು. ಅಲ್ಲಿ ನೆಲ ಇಲ್ಲ ಅಂದೆ. ಮೋಡದ ಕೆಳಗೆ ಮೋಡ ಅಂದೆ. ಗಾಳಿ ನೆಲಕ್ಕೆ ಬಂದು ಹೊಡುದ್ರೆ ಸತ್ತೋಯ್ತದೆ, ಅಲ್ಲಿ ಹೊಡಿಯಾಕೆ ನೆಲಾನೇ ಇಲ್ಲ, ಅದ್ಕೇ ನಿಲ್ಲಲ್ಲ ಅಂದೆ. ಅವರೆಕಾಯಿ ಸಿಪ್ಪೇನೆಲ್ಲ ಕಾಲಾಗೆ ಒದ್ಬುಟ್ಟೆ ಆಗ, ಕೈ ಬೀಸ್ಕೊಂಡು ಹೇಳ್ತಾ.”

ಮೌನಿಕಾ ತಲೆಯೆತ್ತಿದಳು. ಅಮ್ಮನ ಮುಖದಲ್ಲಿ ಏನನ್ನೋ ಹುಡುಕುವವಳ ಹಾಗೆ ನೋಡಿದಳು. ತುಟಿ ಇನ್ನೂ ಬಿಗಿದೇ ಇತ್ತು. “ಸಿಪ್ಪೆ ನಾನೇ ಬಾಚಿದೆ,” ಅಂದಳು.

“ಬಾಚ್ದೆ. ಅರ್ಧ.”

ಆ ಅರ್ಧಕ್ಕೆ ಮಗಳ ತುಟಿಯಂಚು ಅಲುಗಿತು. ಮಾತು ಮುಂದುವರಿಸಲು ಹೊತ್ತಿರಲಿಲ್ಲ. ಸೈನ್ಸ್ ಮೇಷ್ಟ್ರು ವೇಣುಗೋಪಾಲ್, ಜೊತೆಗೆ ನೋಡಿ ಅಂಕ ಕೊಡಲು ಬಂದಿದ್ದ ವಾಣಿಶ್ರೀ ಮೇಡಂ, ಅವರ ಹಿಂದೆ ಒಂದಷ್ಟು ಮಕ್ಕಳು ಬೆಂಚಿನ ಮುಂದೆ ಬಂದು ನಿಂತರು. ಅಮ್ಮ, ಮಗಳು ಆತುರಾತುರವಾಗಿ ಬಟ್ಟೆಯನ್ನು ಚೌಕಟ್ಟಿಗೆ ಸಿಕ್ಕಿಸಿದರು. ಬನಶಂಕರಿ ಗೋಡೆಯ ಕಡೆ ಸರಿದಳು.

ಮೌನಿಕಾ ತೆಲುಗಿನಲ್ಲಿ ಶುರುಮಾಡಿದಳು. ಮಾತು ಬಾಯಿಪಾಠ ಒಪ್ಪಿಸುವ ಹಾಗೆ ಬಂತು: ಗುರುಗ್ರಹ ಎಲ್ಲಕ್ಕಿಂತ ದೊಡ್ಡದು, ಇವು ಮೋಡಗಳ ಪಟ್ಟೆಗಳು, ಇದು ಎರ್ರ ಮಚ್ಚ, ಇದು ಬಿರುಗಾಳಿ, ನಮ್ಮ ಭೂಮಿ ಇದರೊಳಗೆ ಹಿಡಿಸುತ್ತದೆ. ಮೇಡಂ ತಲೆ ಆಡಿಸುತ್ತಾ, ರೇಷ್ಮೆ ಮುಟ್ಟಿ ನೋಡಿ, “ಚಾಲಾ ಬಾಗುಂದಿ, ಇದು ಅಸಲಿ ಪಟ್ಟು ತಾನೇ?” ಅಂದರು. ಮುಂದಿನ ಬೆಂಚಿನ ಕಡೆ ಅವರ ಪಾದ ಆಗಲೇ ತಿರುಗಿತ್ತು. ಆಗ ವೇಣುಗೋಪಾಲ್ ಸಾರ್ ಕೇಳಿದರು: “ಬಿರುಗಾಳಿ ಅಂದೆ. ಯಾವ ಕಡೆ ತಿರುಗುತ್ತಮ್ಮಾ ಅದು?”

ಮೌನಿಕಾ ಬಾಯಿ ತೆರೆದಳು. ಅವಳ ಬೆರಳು ಅಭ್ಯಾಸದಿಂದ ಮಚ್ಚದ ಮೇಲೆ ಹೋಗಿ ಕೂತಿತು. ಅವಳು ನೇಯ್ದ ಮೊಟ್ಟೆಯಾಗಿದ್ದರೆ ಆ ಬೆರಳಿಗೆ ಹೋಗಲು ದಾರಿಯಿರುತ್ತಿರಲಿಲ್ಲ, ಅಡ್ಡ ಎಳೆಗಳು, ಅಷ್ಟೇ. ಈಗ ಬೆರಳ ತುದಿಗೆ ದಾರದ ಉಬ್ಬು ಸಿಕ್ಕಿತು. ಅದು ಆ ಉಬ್ಬಿನ ಮೇಲೆ ನಡುವಿನಿಂದ ಹೊರಟು, ಕೆಳಗೆ ಬಲಕ್ಕೆ, ಮೇಲೆ ಎಡಕ್ಕೆ, ಮತ್ತೆ ಕೆಳಗೆ ಬಲಕ್ಕೆ, ತಾನಾಗಿ ಸುತ್ತುತ್ತಾ ಹೋಯಿತು. ಒಂದು ಸುತ್ತು, ಇನ್ನೊಂದು. ಮೌನಿಕಾ ಗಕ್ಕನೆ ನಿಂತು ಗೋಡೆಯ ಗಡಿಯಾರ ನೋಡಿದಳು, ಬಟ್ಟೆ ನೋಡಿದಳು, ಕೊನೆಗೆ ಎಲ್ಲರ ತಲೆಗಳ ನಡುವಿನಿಂದ ಅಮ್ಮನನ್ನು ನೋಡಿದಳು. ತೆಲುಗು ಬಿಟ್ಟುಹೋಯಿತು.

“ಅಮ್ಮಾ! ಸರಿಯಾಗೈತೆ! ಯಾರು ಹೇಳಿದ್ರು ನಿಂಗೆ?”

“ಏನು?” ಅಂದಳು ಬನಶಂಕರಿ ಗಾಬರಿಯಲ್ಲಿ.

“ಸುತ್ತು! ಅದು ಹಿಂಗೇ ತಿರುಗೋದು. ಗಡಿಯಾರಕ್ಕೆ ಎದ್ರು.” ಸಾರ್ ಕಡೆ ತಿರುಗಿ ಹೇಳತೊಡಗಿದಳು, ಎರಡೂ ಭಾಷೆ ಕಲಸಿ, ಕೈ ಬೀಸಿ, ಅಂಗಳದಲ್ಲಿ ಸಿಪ್ಪೆ ಒದ್ದವಳೇ ಆಗಿ. “ಮೇಲಿನ ಪಟ್ಟೆ ಗಾಳಿ ಈ ಕಡೆ ತಳ್ಳುತ್ತೆ ಸಾರ್, ಕೆಳಗಿನದು ಆ ಕಡೆ ತಳ್ಳುತ್ತೆ, ಮಧ್ಯದಾಗೆ ಇದು ಎಡ… ಎಡ…” ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಎನ್ನುವುದಕ್ಕೆ ಪುಸ್ತಕದ ಮಾತು ಸಿಗದೆ ತಡವರಿಸಿದಳು. “ಎಡಸುತ್ತು ಸಾರ್! ನಮ್ಮಜ್ಜಿ ಅನ್ನೋರಲ್ಲ, ಎಡಸುತ್ತು. ನಮ್ಮಮ್ಮ ಎಡಗೈನಾಗೆ ಹೊಲಿದವ್ಳೆ, ಅದ್ಕೇ ಸರಿಯಾಗ್ ಬಂದೈತೆ. ಬಲಗೈನೋರು ಹೊಲಿದಿದ್ರೆ ತಪ್ಪಾಗ್ತಿತ್ತು.”

ಎಲ್ಲರೂ ತಿರುಗಿ ನೋಡಿದರು. ಬನಶಂಕರಿ ಎಡಗೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಯಾರೂ ಬಿಚ್ಚು ಅನ್ನಲಿಲ್ಲ. ಸಾರ್ ಬಗ್ಗಿ, ತಮ್ಮ ಬೆರಳಿನಿಂದ ದಾರದ ದಾರಿ ಹಿಡಿದು ಒಂದು ಸುತ್ತು ಬಂದು, ಹ್ಞಾ, ಅಂದರು. ಹಿಂದಿದ್ದ ಮಕ್ಕಳಿಗೆಲ್ಲ ಬೆರಳಾಡಿಸಬೇಕಾಯಿತು. ಮೇಡಂ ಹಾಳೆಯಲ್ಲಿ ಏನೋ ಗೀಚಿ ಮುಂದಿನ ಜ್ವಾಲಾಮುಖಿಗೆ ಹೋದರು. ಬಹುಮಾನ ಆಮೇಲೆ ಆ ಜ್ವಾಲಾಮುಖಿಗೇ ಬಂತು. ಮೌನಿಕಾ ಅದಕ್ಕೆ ಚಪ್ಪಾಳೆ ತಟ್ಟಿದ್ದನ್ನು ಬನಶಂಕರಿ ನೋಡಿದಳು, ಗಟ್ಟಿಯಾಗಿಯೇ ತಟ್ಟಿದಳು.

ಮಧ್ಯಾಹ್ನ ಶಾಲೆಯ ಹಿಂದಿನ ಹೊಂಗೆಮರದ ಕೆಳಗೆ ಅವರೆಬೇಳೆ ಹಾಕಿದ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತರು. “ಮೊದಲ್ನಿಂದ ಹೇಳ್ತೀನಿ, ಕೇಳ್ತೀಯಾ?” ಅಂದಳು ಮೌನಿಕಾ, ಬಾಯಿ ತುಂಬಿಕೊಂಡು. “ಹ್ಞೂ ಅಂದ್ರೆ ನಿಲ್ಲಿಸ್‌ಬುಡ್ತೀನಿ.” ಬನಶಂಕರಿ ಹ್ಞೂ ಅನ್ನಲಿಲ್ಲ. ಮೋಡ ಕೆಂಪಗೆ ಯಾಕೆ ಆಗುತ್ತೆ, ಕೇಳಿದಳು. ಅದು ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ. ಅಲ್ಲಿ ಮಳೆ ಬಂದರೆ ಎಲ್ಲಿ ಬೀಳುತ್ತೆ, ಕೇಳಿದಳು. ಬಿದ್ದು ಬಿದ್ದು ಬಿಸಿಗೆ ಮತ್ತೆ ಆವಿಯಾಗಿ ಮೇಲಕ್ಕೇ ಹೋಗುತ್ತಂತೆ. ಆ ಮಚ್ಚ ವರ್ಷ ವರ್ಷಕ್ಕೂ ಚಿಕ್ಕದಾಗ್ತಾ ಐತೆ ಕಣಮ್ಮ, ಅಂದಳು ಮಗಳು. “ಯಾರಾದ್ರೂ ಚಿಮಟ ಹಿಡ್ಕೊಂಡು ಕೂತವ್ರೇನೋ,” ಅಂದಳು ಬನಶಂಕರಿ. ಮೌನಿಕಾಗೆ ಅನ್ನ ನೆತ್ತಿಗೇರಿ ಕೆಮ್ಮು ಬಂದು, ಅಮ್ಮ ತಲೆ ತಟ್ಟಬೇಕಾಯಿತು. ತಟ್ಟಿದ ಕೈ ಎಡದ್ದು. ಅದು ಮಗಳ ನೆತ್ತಿಯ ಬೈತಲೆಯ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಹಿಂದಿರುಗುವ ಬಸ್ಸು ಹೊರಡುವ ಮೊದಲೇ ಅವಳಿಗೆ ತೂಕಡಿಕೆ ಬಂದಿತ್ತು. ಫೋನು ಗುನುಗಿತು. ನಾಗರಾಜು. ಹಿಂದೆ ಮಗ್ಗದ ಸದ್ದು ನಿಂತಿತ್ತು. ಬೆಳಗಿನಿಂದ ಕೆಲಸ ಓಡಿಲ್ಲವೆಂದು ಆ ನಿಶ್ಶಬ್ದದಲ್ಲೇ ಗೊತ್ತಾಯಿತು.

“ಏನಾಯ್ತೇ? ಹೇಳಿದ್ಯಾ? ಮಗಾ ಅತ್ತಳಾ?”

“ಹೇಳ್ದೆ. ಅಳಲಿಲ್ಲ.” ಚಾಲಕ ಇಂಜಿನ್ ಶುರುಮಾಡಿದ, ಸೀಟು ನಡುಗಿತು, ಪಾದದಡಿಯ ತಗಡೂ ನಡುಗಿತು, ಅದರ ಕೆಳಗೆ ಗಟ್ಟಿ ನೆಲವಿತ್ತು. “ಇನ್ನೊಂದು ಮಾತು. ಮುಂದಿನ ಹಾಸು ಏರಿಸ್ತೀಯಲ್ಲ, ಮೊದಲ್ನೇ ಕಂಡಿಕೆಗೆ ಧನಲಕ್ಷ್ಮೀನ ಕರೀಬ್ಯಾಡ. ನಾನೇ ಸುತ್ತೀನಿ.”

ಅವನು ಅದನ್ನು ಕೇಳಿಸಿಕೊಂಡನೋ ಇಲ್ಲವೋ. “ಹ್ಞೂ, ಹ್ಞೂ,” ಅಂದ. “ಅದಿರ್ಲಿ, ಮಚ್ಚ? ಮಚ್ಚ ಏನಾಯ್ತು?”

“ಐತೆ,” ಅಂದಳು ಬನಶಂಕರಿ, ಕಣ್ಣು ಮುಚ್ಚಿಕೊಳ್ಳುತ್ತಾ. “ತಿರುಗ್ತಾ ಐತೆ.”